ಮಗುವಿನ ಮುಖ ಕಾಣುವವರೆಗೆ

ನನ್ನ ಮೊದಲ ಬಸುರು ಬಟ್ಟೆಯದು. ಅತ್ತೆಯ ಹಳೆಯ ಸೀರೆ ಹರಿದು, ಒಳಗೆ ಹತ್ತಿ ತುಂಬಿ, ಮಿಷನ್ನಿನಲ್ಲಿ ನಾನೇ ಹೊಲಿದಿದ್ದೆ. ಹಿಂದೆ ಬಿಗಿದುಕೊಳ್ಳಲು ಲಾಡಿ ಇಟ್ಟಿದ್ದೆ. ಅದನ್ನು ಕಟ್ಟಿ ಮೇಲೆ ಸೀರೆ ಉಟ್ಟರೆ ಏಳೆಂಟು ತಿಂಗಳು ತುಂಬಿದ ಹಾಗೆ ಕಾಣುತ್ತಿತ್ತು.

ಹೊಲಿಯುವಾಗ ಅದು ನನಗೇ ಎಂದು ಗೊತ್ತಿರಲಿಲ್ಲ. ಆಗಿನ್ನೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆಯ ನೀರಿನ ಸದ್ದು ಮನೆಯೊಳಗೂ ಕೇಳುವಂಥ ಊರು. ನಾನು ಹೈಸ್ಕೂಲಿನಲ್ಲಿರುವಾಗಲೇ ಅವ್ವ ತೀರಿಕೊಂಡಳು. ಅಣ್ಣ ನನ್ನನ್ನು ಹುಣಸೂರು ತಾಲ್ಲೂಕಿಗೆ, ಗುರುಪುರದ ಹತ್ತಿರದ ಹಳ್ಳಿಗೆ ಮದುವೆ ಮಾಡಿ ಕೊಟ್ಟ. ಗಂಡ ಮಹೇಶ ಹೊಗೆಸೊಪ್ಪು, ರಾಗಿ ಬೆಳೆಯುತ್ತಾರೆ. ಮಾತು ಕಡಿಮೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಕೆಂಪಮ್ಮ. ನಾನು ಜಗುಲಿಯ ಮೇಲೆ ಮಿಷನ್ ಹಾಕಿಕೊಂಡು ಊರಿನ ಹೆಂಗಸರ ರವಿಕೆ ಹೊಲಿಯುತ್ತಿದ್ದೆ.

ಊರಿನ ಆಶಾ ಕಾರ್ಯಕರ್ತೆ ಭಾಗ್ಯಕ್ಕ ಒಂದು ಮಧ್ಯಾಹ್ನ ಬಂದು ಜಗುಲಿಯ ಮೇಲೆ ಕೂತು, "ಸುಧಾ, ಒಂದು ಹೊಟ್ಟೆ ಹೊಲ್ಕೊಡ್ತೀಯಾ?" ಎಂದು ಕೇಳಿದರು.

"ಹೊಟ್ಟೆನಾ?"

"ಊಂ ಕಣೆ. ಬಸುರಿ ಹೊಟ್ಟೆ."

ಯಾವುದೋ ಸಂಸ್ಥೆಯವರು ಬಸುರಿಯರಿಗೂ ಬಾಣಂತಿಯರಿಗೂ ತೋರಿಸಲು ಚಿಕ್ಕ ಚಿಕ್ಕ ವೀಡಿಯೋ ಮಾಡುತ್ತಿದ್ದರಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಕಡೆಯ ಆಶಾಗಳೆಲ್ಲ ಅದನ್ನು ತಮ್ಮ ಮೊಬೈಲಿನಲ್ಲಿ ಇಟ್ಟುಕೊಂಡು ಮನೆಮನೆಗೆ ಹೋಗಿ ತೋರಿಸಬೇಕಂತೆ. ಟೀವಿಯ ಕನ್ನಡ ಬೇಡ, ನಮ್ಮ ಕಡೆಯ ಮಾತು, ನಮ್ಮ ಕಡೆಯ ಜನವೇ ಬೇಕು ಎಂದಿದ್ದರಂತೆ. ನಾನು ಹೊಲಿದುಕೊಟ್ಟೆ. ಆದರೆ ಶೂಟಿಂಗಿನ ದಿನ ಬಸುರಿಯ ಪಾತ್ರ ಮಾಡಬೇಕಿದ್ದ ಹುಡುಗಿಯನ್ನು ಅವಳ ಮನೆಯವರು ಕಳಿಸಲಿಲ್ಲ. ಬರಿಹೊಟ್ಟೆಗೆ ಸುಳ್ಳು ಬಸುರು ಕಟ್ಟಿಕೊಂಡರೆ ಒಳ್ಳೆಯದಾಗುವುದಿಲ್ಲ ಎಂದು ಅವರ ಹೆದರಿಕೆ. ಭಾಗ್ಯಕ್ಕ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

"ಒಬ್ಬಳ್ನೇ ಕಳ್ಸಾಕಿಲ್ಲ, ನಾನೂ ಬತ್ತೀನಿ," ಎಂದರು ಅತ್ತೆ. ಬಂದವರನ್ನು ನೋಡಿ ಕ್ಯಾಮೆರಾದ ಹುಡುಗಿ ಅವರಿಗೇ ಅತ್ತೆಯ ಪಾತ್ರ ಕೊಟ್ಟುಬಿಟ್ಟಳು.

ಕಥೆ ಇಷ್ಟೆ. ಸೊಸೆ, "ಅತ್ತೆ, ತಲೆ ಸಿಡೀತದೆ, ಕಣ್ಣು ಮಂಜಾಯ್ತದೆ," ಅನ್ನುತ್ತಾಳೆ. ಅತ್ತೆ, "ಬಸುರೀಲಿ ಇವೆಲ್ಲ ಇದ್ದಿದ್ದೆ ಕಣವ್ವ. ನಾವೇನ್ ಹೆತ್ತಿಲ್ವಾ? ಒಸಿ ಮುಲಾಮ್ ಹಚ್ಕೊಂಡು ಮನಿಕ," ಅನ್ನುತ್ತಾರೆ. ಆಮೇಲೆ ಆಶಾ ಬರುತ್ತಾರೆ, ಬೀಪಿ ನೋಡಿಸುತ್ತಾರೆ, ಸೊಸೆ ಉಳಿಯುತ್ತಾಳೆ. ಆದರೆ ನಮ್ಮತ್ತೆ ಮಾತು ಮುಗಿಸುವ ಹೊತ್ತಿಗೆ ಒಮ್ಮೆ ಕೋಳಿ ಕೂಗಿತು, ಒಮ್ಮೆ ಟ್ರಾಕ್ಟರ್ ಹೋಯಿತು, ಒಮ್ಮೆ ನನಗೆ ನಗು ಬಂತು. ಹೊತ್ತು ಇಳಿಯುವ ತನಕ ಅವರು ಅದೇ ಮಾತನ್ನು ಹೇಳುತ್ತಲೇ ಇದ್ದರು.

ವೀಡಿಯೋ ಊರೂರು ಸುತ್ತಿತು. ಅತ್ತೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಯಾವಳೋ ಬಂದು, "ನೀವು ಸೊಸೆನ ಮುಲಾಮ್ ಹಚ್ಕೊ ಅಂತೀರಲ್ಲ, ಆ ಅತ್ತೆ ತಾನೆ?" ಎಂದು ಕೇಳಿದಳಂತೆ. ಅವರಿಗೆ ಬಲು ನಾಚಿಕೆ. "ನಾನ್ ಅಂಗಲ್ಲ ಕಣವ್ವ. ಅವರು ಹೇಳ್ಕೊಟ್ಟಿದ್ದು," ಎಂದು ಆಕೆಗೆ ವಿವರಿಸುವಷ್ಟರಲ್ಲಿ ಬಸ್ಸು ಹೊರಟುಹೋಯಿತಂತೆ.

ಅದಾಗಿ ಒಂದು ಬೆಳೆ ಕಳೆದ ಮೇಲೆ ನಾನು ನಿಜವಾಗಿ ಬಸುರಾದೆ.

ಭಾಗ್ಯಕ್ಕ ನಿಯಮ ಬಿಡುವವರಲ್ಲ. ನನಗೂ ಎದುರು ಕೂರಿಸಿಕೊಂಡು ವೀಡಿಯೋ ತೋರಿಸಿದರು. ಅಂಗೈಯಗಲದ ಪರದೆಯಲ್ಲಿ ಹತ್ತಿಯ ಹೊಟ್ಟೆ ಹೊತ್ತ ನನ್ನನ್ನು, ನಿಜವಾದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾನು ನೋಡಿದೆ. ಅವಳು ತೆಳ್ಳಗಿದ್ದಳು. ತಲೆನೋವು ಎಂದರೆ ಏನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಣೆಗೆ ಕೈ ಇಟ್ಟುಕೊಂಡು ಸುಮ್ಮನೆ ಮುಖ ಹಿಂಡುತ್ತಿದ್ದಳು.

ಆ ತಿಂಗಳುಗಳು ಈಗ ನೆನೆದರೆ ತೆಳುವಾದ ಹೊಗೆಯೊಳಗಿಂದ ಕಾಣುತ್ತವೆ. ಹೊಗೆ ಇದ್ದದ್ದೂ ನಿಜ. ಸೊಪ್ಪು ಬೇಯಿಸುವ ಕಾಲ, ಊರ ತುಂಬ ಬ್ಯಾರನ್‌ಗಳಲ್ಲಿ ಬೆಂಕಿ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ನೇತುಹಾಕಿ, ಕೆಳಗಿನಿಂದ ಸೌದೆಯ ಕಾವು ಕೊಟ್ಟು ಬಂಗಾರದ ಬಣ್ಣಕ್ಕೆ ತರುವ ಎತ್ತರದ ಕೋಣೆ. ಕಾವು ಒಂದು ಹಿಡಿ ಹೆಚ್ಚಾದರೂ ಕಡಿಮೆಯಾದರೂ ಸೊಪ್ಪು ಕೆಟ್ಟೀತು. ಬೆಂಕಿ ಹಾಕಿದ ಮೇಲೆ ಮಹೇಶ ಅದರ ಬಾಯಿ ಬಿಟ್ಟು ಕದಲುತ್ತಿರಲಿಲ್ಲ. ಊಟ ಅಲ್ಲಿಗೇ ಹೋಗುತ್ತಿತ್ತು.

ಎಂಟನೇ ತಿಂಗಳಿನಲ್ಲಿ ಬಳೆ ಬಿಗಿಯಾದವು. ಕಾಲು ಊದಿತ್ತು, ಅದು ಎಲ್ಲರಿಗೂ ಊದುತ್ತದೆ ಎಂದುಕೊಂಡೆ. ಬೆರಳು ಊದಿ ಕತ್ತರಿಯ ಹಿಡಿಯೊಳಗೆ ಹೋಗದಾದಾಗ ಒಂದು ವಾರ ಹೊಲಿಗೆ ಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡೆ. ಬೀಪಿ ನೋಡಿಸುವ ದಿನ ಹತ್ತಿರದಲ್ಲೇ ಇತ್ತು.

ಆ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕೂತಿದ್ದೆ. ಸೂಜಿಯ ಕಣ್ಣಿನ ಪಕ್ಕದಲ್ಲಿ ಒಂದು ಬೆಳಕಿನ ಚುಕ್ಕಿ ಹಾರಿತು. ಇನ್ನೊಂದು ಹಾರಿತು. ಬಿಸಿಲಿನಲ್ಲಿ ಮಿಂಚುಹುಳ ಎಲ್ಲಿಂದ ಬಂದಾವು ಎಂದು ಆಶ್ಚರ್ಯವಾಯಿತು. ತಲೆ ಎತ್ತಿ ನೋಡಿದರೆ ಅಂಗಳದ ತುಂಬ ಅವೇ. ಹುಣಿಸೆಮರದ ಅಂಚು ನೀರಿನಲ್ಲಿ ಅದ್ದಿದ ಹಾಗೆ ಅಲುಗುತ್ತಿತ್ತು. ಏನು ಚೆನ್ನಾಗಿದೆ ಎಂದೇ ಮೊದಲು ಅನ್ನಿಸಿದ್ದು. ಹೇಳಲು ವಿಚಿತ್ರವೆನಿಸಿದರೂ ಅದು ನಿಜ. ಹೆದರಿಕೆಗಿಂತ ಮೊದಲು ಬಂದದ್ದು ಚೆಲುವು. ಆಮೇಲೆ ತಲೆಯ ಹಿಂಬದಿಯಿಂದ ನೋವು ಮೇಲೆದ್ದು ಹಣೆಗೆ ಬಂದು ನಿಂತಿತು. ಎದೆಗೂಡಿನ ಕೆಳಗೆ ಯಾರೋ ಗುದ್ದಿದ ಹಾಗೆ ಹಿಡಿದುಕೊಂಡಿತು.

ಗೋಡೆ ಹಿಡಿದುಕೊಂಡು ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು.

"ಅತ್ತೆ, ತಲೆ ಸಿಡೀತದೆ. ಕಣ್ಣು ಮಂಜಾಯ್ತದೆ."

ಅವರು ತಿರುಗಿ ನೋಡಲಿಲ್ಲ. "ಬಸುರೀಲಿ ಇವೆಲ್ಲ ಇದ್ದಿದ್ದೆ ಕಣವ್ವ, ನಾವೇನ್..." ಎಂದರು.

ಅಲ್ಲಿಗೆ ನಿಂತರು. ಕೈಯಲ್ಲಿ ಮುದ್ದೆಕೋಲು ಹಾಗೇ ಇತ್ತು. ನಿಧಾನಕ್ಕೆ ನನ್ನ ಕಡೆ ತಿರುಗಿದರು. ಆ ಮಾತು ಅವರ ಬಾಯಿಗೆ ಹೇಗೆ ಬಂತು, ಎಲ್ಲಿಂದ ಬಂತು ಎಂದು ನನಗೂ ಅವರಿಗೂ ಒಟ್ಟಿಗೇ ಹೊಳೆಯಿತು.

"ಏನಂದೆ? ಇನ್ನೊಂದ್ ಸತಿ ಹೇಳು," ಎಂದರು.

"ಕಣ್ಣು ಮಂಜಾಯ್ತದೆ ಅತ್ತೆ. ಈಗ ನಿಜವಾಗ್ಲೂ."

ಅವರು ಮಡಕೆಯನ್ನು ಒಲೆಯ ಮೇಲೇ ಬಿಟ್ಟು ಎದ್ದರು. ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಮಗನನ್ನು ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

"ಮಹೇಶಾ, ಗಾಡಿ ಕರ್ಕಂಡ್ ಬಾ. ಆಸ್ಪತ್ರೆಗೆ ಹೊಂಡ್ಬೇಕು."

"ಈಗ್ತಾನೆ ಕಾವು ಏರ್ತಾ ಅದೆ ಕಣವ್ವ. ಒಸಿ ತಡಿ."

"ಸೊಪ್ಪು ಬೂದಿ ಆದ್ರೆ ಆಗ್ಲಿ ಬುಡು. ಬಂದು ಇವಳ್ ಮಖ ನೋಡ್ಲಾ."

ಮಹೇಶ ಬಂದು ನೋಡಿದರು. ಪಕ್ಕದ ಮನೆಯವರ ಕಾರು ತರಲು ಓಡಿದರು. ಆ ಮನೆಯವರು ಬ್ಯಾರನ್ ಮುಂದೆ ತಾವು ಕೂರುತ್ತೇವೆ ಎಂದರಂತೆ. ಭಾಗ್ಯಕ್ಕ ರಸ್ತೆಯಲ್ಲೇ ಹತ್ತಿಕೊಂಡರು.

ಹುಣಸೂರಿಗೆ ಹೋಗುವ ದಾರಿಯಲ್ಲಿ ಟಿಬೆಟನ್ ಕ್ಯಾಂಪಿನ ಬಾವುಟಗಳು ಕಂಡವು. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಯಾವಾಗಲೂ ನೋಡುತ್ತಿದ್ದ ಬಾವುಟಗಳೇ. ಅಂದು ಅವು ಹಗ್ಗದಿಂದ ಬಿಡಿಸಿಕೊಂಡು ಕಾರಿನ ಪಕ್ಕಪಕ್ಕದಲ್ಲೇ ತೇಲಿ ಬರುತ್ತಿದ್ದ ಹಾಗೆ ಕಂಡವು. ಅತ್ತೆಯ ಭುಜಕ್ಕೆ ಒರಗಿ, "ಬಾವುಟ ಬತ್ತಾ ಅವೆ," ಎಂದೆನಂತೆ. ಅವರು, "ಬರ್ಲಿ ಬುಡು, ನೀನು ಮಾತಾಡ್ತಾ ಇರು," ಎಂದರಂತೆ.

ಆಸ್ಪತ್ರೆಯಲ್ಲಿ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು. ನೋಡಿದರು. ಮತ್ತೆ ಸುತ್ತಿ ಮತ್ತೆ ಹಾಕಿದರು. ಡಾಕ್ಟರನ್ನು ಕರೆಯಲು ಓಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಪಕ್ಕದಲ್ಲಿ ಬಗ್ಗಿ, "ಬೀಪಿ ತುಂಬಾ ಜಾಸ್ತಿಯಾಗಿದೆ. ಒಂದು ಇಂಜೆಕ್ಷನ್ ಕೊಡ್ತೀನಿ, ಮೈಯೆಲ್ಲ ಬಿಸಿಯಾಗುತ್ತೆ, ಹೆದರಬೇಡಿ. ಮೈಸೂರಿಗೆ ಕಳಿಸ್ತೀನಿ. ಸರಿಯಾದ ಹೊತ್ತಿಗೆ ಬಂದಿದ್ದೀರಿ," ಎಂದರು. ಹೇಳಿದ ಹಾಗೇ ಆಯಿತು. ಒಳಗಿನಿಂದ ಯಾರೋ ಬಿಸಿನೀರು ಹೊಯ್ದ ಹಾಗೆ ಕಾವು ಪಾದದಿಂದ ಕಿವಿಯ ತನಕ ಹರಿಯಿತು. ನಾನೇ ಬ್ಯಾರನ್ ಆದೆ ಎನ್ನಿಸಿತು.

ಆಂಬುಲೆನ್ಸ್ ಹತ್ತಿಸಿದ್ದು ನೆನಪಿದೆ. ಮೈಸೂರು ರಸ್ತೆಯಲ್ಲಿ ನನಗೆ ಫಿಟ್ಸ್ ಬಂತು ಎಂಬುದನ್ನು ಆಮೇಲೆ ಅತ್ತೆ ಹೇಳಿದರು. ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ. ನಾನು ತವರಿನ ನಾಲೆಯಲ್ಲಿದ್ದೆ. ನೀರು ಎದೆಮಟ್ಟ, ಬೆಚ್ಚಗೆ. ದಡದಲ್ಲಿ ಅವ್ವ ನಾಟಿಯ ಗದ್ದೆಗೆ ಹೋಗುವ ಹೆಂಗಸರ ಜೊತೆ ಸೀರೆ ಎತ್ತಿ ಕಟ್ಟಿಕೊಂಡು ನಡೆಯುತ್ತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನೀರು ನನ್ನನ್ನು ಅವಳ ಪಕ್ಕಕ್ಕೇ ಸಾಗಿಸುತ್ತಿತ್ತು, ಅವಳೆಷ್ಟು ವೇಗವಾಗಿ ನಡೆದರೂ ನಾನೂ ಅಷ್ಟೇ ವೇಗವಾಗಿ ತೇಲುತ್ತಿದ್ದೆ. ಕೂಗಬೇಕು ಎನ್ನಿಸಲಿಲ್ಲ. ಇಷ್ಟು ಸಾಕು ಎನ್ನಿಸಿತ್ತು. ಎಲ್ಲಿಂದಲೋ ಅತ್ತೆಯ ದನಿ ಮಾತ್ರ, "ಸುಧಾ, ಸುಧಾ," ಎಂದು ಸುಮ್ಮನಾಗದೆ ಕೂಗುತ್ತಿತ್ತು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ದಡಕ್ಕೆ ಬಂದೆ ಎಂದು ಕಾಣುತ್ತದೆ.

ಎಚ್ಚರವಾದಾಗ ಹೊಟ್ಟೆ ಬರಿದಾಗಿತ್ತು. ಕೈ ಆಡಿಸಿ ನೋಡಿದೆ, ಬ್ಯಾಂಡೇಜು ಸಿಕ್ಕಿತು. ಪಕ್ಕದಲ್ಲಿ ಅತ್ತೆಯ ಉಸಿರು ಕೇಳಿಸಿತು. ಅವರು ಎಲೆಯಡಿಕೆ ಹಾಕುವವರು, ಆ ವಾಸನೆ ಗೊತ್ತಾಗುತ್ತದೆ.

"ಹೆಣ್ಮಗ ಕಣವ್ವ," ಎಂದರು. "ಸಣ್ಣದಾಗಿ ಅದೆ. ಬೇರೆ ರೂಮ್ನಾಗೆ ಪೆಟ್ಟಿಗೇಲಿ ಮಡಗವ್ರೆ. ಉಸಿರಾಡ್ತಾ ಅದೆ."

ಅಳು ಬಂತು. ಅತ್ತೆ ಕಣ್ಣು ಒರೆಸಿದರು. ಸ್ವಲ್ಪ ಹೊತ್ತಾದ ಮೇಲೆ, "ಲೈಟ್ ಹಾಕಿ ಅತ್ತೆ. ಏನೂ ಕಾಣ್ತಿಲ್ಲ," ಎಂದೆ.

ಹೊರಗೆ ಯಾರೋ ಊಟದ ಗಾಡಿ ತಳ್ಳಿಕೊಂಡು ಹೋಗುವ ಸದ್ದು. ದೂರದಲ್ಲಿ ಬಸ್ಸಿನ ಹಾರ್ನು. ನನ್ನ ಕೆನ್ನೆಯ ಮೇಲೆ ಬಿಸಿಲು ಬಿದ್ದಿತ್ತು. ಅದು ಬಿಸಿಲು ಎಂದು ಚರ್ಮಕ್ಕೆ ತಿಳಿಯುತ್ತಿತ್ತು. ಮಟಮಟ ಮಧ್ಯಾಹ್ನ ಎಂದು ಆಗ ಅರ್ಥವಾಯಿತು.

ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು, "ಎದ್ದೇಳ್ಬ್ಯಾಡ. ನರ್ಸಮ್ಮನ್ನ ಕರೀತೀನಿ," ಎಂದರು.

ಡಾಕ್ಟರು ಬಂದರು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಸ್ಕ್ಯಾನ್ ಮಾಡಿಸಿದರು. ಕಣ್ಣಿಗೆ ಏನೂ ಆಗಿಲ್ಲ, ಬೀಪಿ ಏರಿ ಮೆದುಳಿನ ಹಿಂಭಾಗದಲ್ಲಿ ಬಾವು ಬಂದಿದೆ, ಅದು ಇಳಿದರೆ ನೋಟ ಬರುತ್ತದೆ ಎಂದರು. "ಸಾಮಾನ್ಯವಾಗಿ ಬರುತ್ತೆ," ಎಂದರು. ಆ 'ಸಾಮಾನ್ಯವಾಗಿ' ಎಂಬ ಮಾತು ನನ್ನ ಜೊತೆ ಹಾಸಿಗೆಯ ಮೇಲೇ ಉಳಿಯಿತು. ಬಾರದಿದ್ದರೆ? ಸೂಜಿಗೆ ದಾರ ಯಾರು ಪೋಣಿಸುತ್ತಾರೆ? ಅದಕ್ಕಿಂತ ಹೆಚ್ಚಾಗಿ, ನನ್ನ ಮಗು ಹೇಗಿದೆ ಎಂದು ನನಗೆ ಎಂದಿಗೂ ಗೊತ್ತಾಗದೆ ಹೋದರೆ?

ಅಷ್ಟರಲ್ಲಿ ಮಹೇಶ ಬಂದರು. ನಡಿಗೆಯಿಂದಲೇ ತಿಳಿಯಿತು, ಅವಸರದ ನಡಿಗೆ. ಮಗುವಿನ ಕೋಣೆಯೊಳಗೆ ಅವರನ್ನು ಬಿಟ್ಟಿರಲಿಲ್ಲ. ಒಳಗಿದ್ದ ನರ್ಸ್ ಒಬ್ಬರು ಅವರ ಮೊಬೈಲ್ ತೆಗೆದುಕೊಂಡು ವೀಡಿಯೋ ಮಾಡಿಕೊಟ್ಟಿದ್ದರು. ಅದನ್ನು ನನ್ನ ಮುಖದ ಮುಂದೆ ಹಿಡಿದು, "ನೋಡಮ್ಮಿ," ಎಂದರು. ಯಂತ್ರಗಳ ಕೀಚು ದನಿ ಕೇಳಿಸಿತು. ಯಾರೋ ಚಪ್ಪಲಿ ಎಳೆದು ನಡೆದರು.

ಅತ್ತೆ ಮೆಲ್ಲಗೆ, "ಅವಳ್ಗೆ ಕಾಣ್ತಿಲ್ಲ ಕಣ್ಲಾ ಮಗ," ಎಂದರು.

ವೀಡಿಯೋ ಮುಗಿಯಿತು. ಮಹೇಶ ಸ್ಟೂಲ್ ಎಳೆದುಕೊಂಡು ಕೂತರು. ಮತ್ತೆ ಅದೇ ಕೀಚು ದನಿ ಶುರುವಾಯಿತು. ವೀಡಿಯೋವನ್ನು ಮೊದಲಿನಿಂದ ಹಾಕಿದ್ದರು.

"ಮಕಾಡೆ ಮನಗವ್ಳೆ," ಎಂದರು. "ಕಾಮಾಲೆಗೆ ಅಂತ ನೀಲಿ ಲೈಟ್ ಹಾಕವ್ರೆ. ಕಣ್ಣಿಗೆ ಬಟ್ಟೆ ಕಟ್ಟವ್ರೆ."

"ಬಣ್ಣ?"

ಅವರು ಬಹಳ ಹೊತ್ತು ಯೋಚಿಸಿದರು. ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆಬೇರೆ ಮಾಡುವುದರಲ್ಲಿ ಅವರ ಕೈ ನಮ್ಮೂರಿನಲ್ಲಿ ಹೆಸರಾದದ್ದು. "ಲೈಟ್ನಾಗೆ ಸರಿಯಾಗಿ ಗೊತ್ತಾಗಾಕಿಲ್ಲ," ಎಂದರು. "ಕೆಳಗಡೆ ಎಲೆ ಇರ್ತದಲ್ಲ, ಬೇಗ ಹಣ್ಣಾಗೋದು, ತೆಳ್ಳಗೆ. ಒಸಿ ಆ ಬಣ್ಣ."

"ಕಿವಿ ಎಂಗದೆ?"

"ಮಡೀಲಿ ಸಸಿ ಬುಡ್ತದಲ್ಲ, ಮೊದ್ಲು ಬರೋ ಎರಡು ಎಲೆ. ಅಂಗೆ. ಅಷ್ಟೇ ಅಷ್ಟು."

ಮದುವೆಯಾದ ಮೇಲೆ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ಪ್ರತಿ ಸಲ ಹೋಗಿ ಬಂದಾಗಲೂ ಹೊಸ ವೀಡಿಯೋ ತಂದು, ಹಾಕಿಕೊಂಡು, ಅದರಲ್ಲಿ ಕಂಡದ್ದನ್ನು ಹೇಳುತ್ತಿದ್ದರು. ಎಡಗೈ ಮುಷ್ಟಿ ಮಾಡಿದ್ದಾಳೆ. ಮೂಗಿನಲ್ಲಿ ಪೈಪು. ಈಗ ಆಕಳಿಸಿದಳು. ನಾನು ಹಿಂಡಿ ಕೊಟ್ಟ ಹಾಲನ್ನು ಪೈಪಿನಲ್ಲಿ ಬಿಡುತ್ತಿದ್ದಾರೆ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ತೆರೆದರೂ ಮುಚ್ಚಿದರೂ ಒಂದೇ ಆಗಿದ್ದರೂ, ಮುಚ್ಚಿಕೊಂಡರೆ ಹೆಚ್ಚು ಚೆನ್ನಾಗಿ ಕಾಣುತ್ತಿತ್ತು. ಆ ಕತ್ತಲೆ ಕಪ್ಪಲ್ಲ. ಹಾಲಿಗೆ ಬೂದಿ ಕಲಸಿದ ಹಾಗೆ. ಅದರೊಳಗೆ ಒಂದು ಎಳೆ ಸಸಿ ಅಲ್ಲಾಡುತ್ತಿತ್ತು, ಅದಕ್ಕೆ ಮುಷ್ಟಿ ಇತ್ತು, ಅದು ಆಕಳಿಸುತ್ತಿತ್ತು.

ಕಾಣದ ಆ ದಿನಗಳಲ್ಲಿ ವಾರ್ಡು ನನಗೆ ದನಿಗಳ ಊರಾಯಿತು. ಕಸ ಗುಡಿಸುವ ಅಮ್ಮ ನನ್ನ ಮಂಚದ ಹತ್ತಿರ ಬಂದಾಗಲೆಲ್ಲ, "ನಾನು ಕಣವ್ವ, ಮಂಚದಡಿ ಗುಡಿಸ್ತೀನಿ," ಎಂದು ಹೇಳಿಯೇ ಪೊರಕೆ ಹಾಕುತ್ತಿದ್ದರು. ಹೇಳದೆ ಮುಟ್ಟಿದರೆ ನಾನು ಬೆಚ್ಚುತ್ತೇನೆಂದು ಅವರಿಗೆ ಯಾರು ತಿಳಿಸಿದರೋ ಕಾಣೆ. ಅತ್ತೆ ಬೆಳಿಗ್ಗೆ ತಲೆ ಬಾಚಿ ಜಡೆ ಹಾಕುತ್ತಿದ್ದರು. ಅನ್ನ ಕಲಸಿ ಕೈತುತ್ತು ಕೊಡುತ್ತಿದ್ದರು. ನನ್ನೆದುರು ಒಮ್ಮೆಯೂ ಅಳಲಿಲ್ಲ.

ಪಕ್ಕದ ಮಂಚದವಳು ಕೋಟೆಯ ಕಡೆಯ ಹುಡುಗಿ, ಅವಳೂ ಬೀಪಿ ಏರಿ ಬಂದಿದ್ದಳು, ಇನ್ನೂ ಹೆರಿಗೆಯಾಗಿರಲಿಲ್ಲ. ಅವಳು ಅತ್ತೆಯನ್ನು ಬಹಳ ಹೊತ್ತು ನೋಡಿರಬೇಕು.

"ಅಜ್ಜಿ, ಮೊಬೈಲ್ನಾಗೆ ಬತ್ತೀರಲ್ಲ, ನೀವೇ ತಾನೆ? ಸೊಸೆಗೆ ಮುಲಾಮ್ ಹಚ್ಕೊ ಅನ್ನೋರು?"

ಅತ್ತೆ ಈ ಸಲ ವಿವರಣೆ ಕೊಡಲು ಹೋಗಲಿಲ್ಲ. "ಔದು ಕಣವ್ವ. ನಾನೇಯ," ಎಂದರು. "ಇವಳೇ ನನ್ ಸೊಸೆ."

ಹುಡುಗಿ ನನ್ನನ್ನು ಕೇಳಿದಳು, "ಅಕ್ಕ, ನಿಮ್ಗೆ ಭಯ ಆಯ್ತಾ?"

"ಆಯ್ತು. ಈಗ್ಲೂ ಅದೆ," ಎಂದೆ.

"ನಂಗೂ," ಎಂದಳು. ಅವಳ ದನಿಯಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ನನಗೂ ಸ್ವಲ್ಪ ಹಗುರವಾಯಿತು. ಇಬ್ಬರೂ ಒಬ್ಬರಿಗೊಬ್ಬರು ಏನೂ ಆಗುವುದಿಲ್ಲ ಎಂದು ಹೇಳಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ನನಗೆ ಅವಳ ನೆನಪೇ ಹೆಚ್ಚು. ಅವಳಿಗೆ ಸುಖವಾಗಿ ಹೆರಿಗೆಯಾಯಿತು, ಗಂಡುಮಗು. ಅವಳ ಮುಖ ಕಾಣುವ ಮೊದಲೇ ಅವಳನ್ನು ಬೇರೆ ವಾರ್ಡಿಗೆ ಕರೆದುಕೊಂಡು ಹೋಗಿದ್ದರು. ಯಾವ ಮಂಚದ ಮೇಲಾದರೂ ಹಾಗೆ ಹೆದರಿ ಮಲಗಿರುವವಳು ಇದನ್ನು ಓದಿದರೆ, ಪಕ್ಕದ ಮಂಚದಲ್ಲಿ ನಾನಿದ್ದೇನೆ ಎಂದುಕೊಳ್ಳಲಿ.

ನೋಟ ಬಂದದ್ದು ಒಂದೇ ಸಲಕ್ಕಲ್ಲ. ಮೊದಲು ಬೂದಿಬಣ್ಣದ ಹಾಲಿನಲ್ಲಿ ಒಂದು ಕಡೆ ತಿಳಿಯಾಯಿತು. ಆ ತಿಳಿ ಇದ್ದ ಕಡೆ ಕಿಟಕಿ ಇದೆ ಎಂದು ಗಾಳಿಯಿಂದ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊರಟುಹೋದೀತು ಎಂಬ ಹೆದರಿಕೆ. ಊಟವಾದ ಮೇಲೆ ಆ ತಿಳಿಯ ಮುಂದೆ ಏನೋ ಹಾದುಹೋಯಿತು. ದೊಡ್ಡದು, ನಿಧಾನವಾದದ್ದು. ಅದಕ್ಕೆ ಅಂಚು ಬಂತು. ಅಂಚಿಗೆ ಬಣ್ಣ ಬಂತು.

"ಅತ್ತೆ, ಹಸಿರು ಸೀರೆ ಉಟ್ಟಿದ್ದೀರಾ?" ಎಂದೆ.

ಅವರ ಕೈಯಿಂದ ಲೋಟ ಕೆಳಗೆ ಬಿತ್ತು. ಮಂಚದ ಮೇಲೆ ನನ್ನ ಕಾಲಿನ ಹತ್ತಿರ ಕೂತು, ಸೀರೆಯ ಸೆರಗನ್ನೇ ಬಾಯಿಗೆ ಒತ್ತಿಕೊಂಡು, ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಅತ್ತರು. ನಾನು ಅವರ ಬೆನ್ನು ಸವರಿದೆ. ಕಾಣುತ್ತಿದ್ದ ಬೆನ್ನು.

ಮಹೇಶ ಓಡಿ ಬಂದು ಮೊಬೈಲ್ ಮುಂದೆ ಹಿಡಿದರು. ನಾನು ಅದನ್ನು ಪಕ್ಕಕ್ಕೆ ಸರಿಸಿ, "ಬ್ಯಾಡ ಕಣ್ರೀ. ಅವಳ್ನೇ ನೋಡ್ತೀನಿ," ಎಂದೆ.

ಬೀಪಿ ಇಳಿದ ಮೇಲೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು. ಉದ್ದನೆಯ ಓಣಿ, ದೀಪಗಳ ಸುತ್ತ ಇನ್ನೂ ಪರಿವೇಷದಂಥ ಬಳೆಗಳು. ಕೈ ತೊಳೆಸಿ, ಗೌನು ಹಾಕಿಸಿ ಒಳಗೆ ಬಿಟ್ಟರು. ನರ್ಸ್ ಒಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು.

ಎಷ್ಟೋ ದಿನ ಕೇಳಿ ಕೇಳಿ ನಾನು ಕಟ್ಟಿಕೊಂಡಿದ್ದ ಮಗು ಅಲ್ಲಿರಲಿಲ್ಲ. ಅಲ್ಲಿದ್ದವಳು ಬೇರೆಯೇ ಒಬ್ಬಳು. ಹುಬ್ಬು ಗಂಟಿಕ್ಕಿಕೊಂಡು, ಯಾವುದೋ ಕಷ್ಟದ ಲೆಕ್ಕ ಬಿಡಿಸುತ್ತಿರುವವಳ ಹಾಗೆ ಮಲಗಿದ್ದಳು. ಗಲ್ಲದಲ್ಲಿ ಸಣ್ಣ ಗುಳಿ. ಮಹೇಶ ಗುಳಿಯ ವಿಷಯ ಹೇಳಿಯೇ ಇರಲಿಲ್ಲ. ಅದು ನನ್ನ ಅವ್ವನ ಗಲ್ಲ. ಆ ನಾಲೆಯ ದಡದಲ್ಲಿ ಅವ್ವ ತಿರುಗಿ ನೋಡಿರಲಿಲ್ಲ. ನಾನು ಪೆಟ್ಟಿಗೆಯ ಕಿಂಡಿಯಿಂದ ಕೈ ಹಾಕಿ ಅವಳ ಅಂಗಾಲು ಮುಟ್ಟಿದೆ. ಅವಳು ಕಾಲು ಎಳೆದುಕೊಂಡಳು.

ಆಮೇಲೆ ಅವಳನ್ನು ಎದೆಗೆ ಕಟ್ಟಿಕೊಳ್ಳುವ ದಿನಗಳು. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ತಾಯಿಯ ಮೈಕಾವೇ ಔಷಧಿ ಎಂದು ನರ್ಸ್ ಹೇಳಿಕೊಟ್ಟರು. ರವಿಕೆ ಬಿಚ್ಚಿ, ಬರಿಮೈಯ ಕೂಸನ್ನು ಎದೆಯ ಮಧ್ಯೆ ಕಪ್ಪೆಯ ಹಾಗೆ ಮಲಗಿಸಿ, ಮೇಲೆ ಬಟ್ಟೆ ಸುತ್ತುವುದು. ನನಗೆ ಹೊಲಿಗೆ ಎಳೆದು ಬೆನ್ನು ನೋಯುವಾಗ, "ಇವರಪ್ಪನೂ ಮಾಡಬಹುದು," ಎಂದರು ಆಕೆ.

"ಗಂಡಸ್ರೂನಾ?" ಎಂದು ಮಹೇಶ ಸುತ್ತ ನೋಡಿದರು. ಭಾಗ್ಯಕ್ಕ ಅದರ ವೀಡಿಯೋವನ್ನೂ ಅವರ ಮೊಬೈಲಿಗೆ ಕಳಿಸಿದ್ದರು. ಓಣಿಯ ಮೂಲೆಯಲ್ಲಿ ನಿಂತು, ಸದ್ದು ತಗ್ಗಿಸಿ, ಅದನ್ನು ಮತ್ತೆ ಮತ್ತೆ ನೋಡಿಕೊಂಡು ಬಂದರು. ಅಂಗಿಯ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕೂತರು. ಕೂಸನ್ನು ಎದೆಗೆ ಹಾಕಿದಾಗ ಉಸಿರಾಡುವುದನ್ನೇ ನಿಲ್ಲಿಸಿದರು. "ಉಸಿರಾಡಿ, ಅದಕ್ಕೆ ಅದೇ ಬೇಕು," ಎಂದು ನರ್ಸ್ ನಕ್ಕರು. ಕಾವು ಹೆಚ್ಚು ಕಡಿಮೆಯಾಗದಂತೆ ಹಿಡಿಯುವುದು ಅವರಿಗೆ ಬರುತ್ತಿದ್ದ ಕೆಲಸವೇ. ಹಾಗೇ ಕೂತು, ಹಾಗೇ ಕಣ್ಣು ಮುಚ್ಚಿ, ಕೂಸು ಮತ್ತು ಅಪ್ಪ ಒಂದೇ ಉಸಿರಿನಲ್ಲಿ ಏರಿ ಇಳಿಯುವುದನ್ನು ನಾನು ಹೊಸದಾಗಿ ಬಂದ ಕಣ್ಣಿನಿಂದ ನೋಡುತ್ತ ಮಲಗಿದ್ದೆ. ಬ್ಯಾರನ್ನಿನ ಸೊಪ್ಪು ಏನಾಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅರ್ಧ ಕೆಟ್ಟು ಅರ್ಧ ಉಳಿದಿತ್ತಂತೆ.

ಬೀಪಿ ಮಾತ್ರ ಪೂರ್ತಿ ನನ್ನನ್ನು ಬಿಡಲಿಲ್ಲ. ಈಗಲೂ ಬೆಳಿಗ್ಗೆ ಮಾತ್ರೆ ನುಂಗುತ್ತೇನೆ. ಬಿಸಿಲಿನಲ್ಲಿ ಯಾವುದಾದರೂ ಚುಕ್ಕಿ ಮಿನುಗಿದರೆ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಹೆಚ್ಚಿನ ಸಲ ಅದು ಬರಿಯ ಧೂಳು.

ಮನೆಗೆ ಬಂದ ಮೇಲೆ ಅತ್ತೆ ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟುಕೊಂಡು ಕೂತರು. ನೋಡಲು ಬಂದವರು ಕೈ ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. "ಮಗೀಗೆ ಎಣ್ಣೆನೀರು ಹಾಕಾಕಿಲ್ವಾ ಕೆಂಪಕ್ಕ?" ಎಂದು ಯಾರಾದರೂ ಕೇಳಿದರೆ, "ತೂಕ ಬರ್ಲಿ, ಆಮ್ಯಾಕೆ," ಎಂದು ಮಾತು ಮುಗಿಸುತ್ತಿದ್ದರು.

ಕೂಸು ಯಾವಾಗಲೂ ನಿದ್ದೆ. ಹಾಲು ಕುಡಿಸಲು ಅಂಗಾಲು ತಟ್ಟಿ ಎಬ್ಬಿಸಬೇಕು. ಎರಡು ಗುಟುಕಿಗೆ ಸುಸ್ತಾಗುತ್ತಿದ್ದಳು. ಉಳಿದದ್ದನ್ನು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದೆವು. ಅತ್ತರೂ ಬೆಕ್ಕಿನ ಮರಿಯಷ್ಟು ಸಣ್ಣ ದನಿ, ಅದೂ ತುಟಿಯ ಆಚೆ ಬರುವಷ್ಟರಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಮಗು ಇದೆ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನಾವೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ಜೋರಾಗಿ ಮಾತಾಡಿದರೆ ಏನೋ ಒಡೆದುಹೋಗುತ್ತದೆ ಎಂಬ ಹಾಗೆ.

ರಾಗಿ ತೆನೆ ಒಡೆದ ದಿನಗಳು. ಒಂದು ಮಧ್ಯಾಹ್ನ ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಮಹೇಶ ಹೊಲದಿಂದ ಬಂದು ಹೊಸ್ತಿಲಲ್ಲಿ ಕಾಲು ತೊಳೆಯುತ್ತಿದ್ದರು. ಚಾಪೆಯ ಮೇಲೆ ಮಲಗಿದ್ದ ಕೂಸು ಕೈಕಾಲು ಬಡಿಯಿತು. ಮುಖ ಕೆಂಪಗಾಯಿತು. ಬಾಯಿ ಅಗಲವಾಗಿ ತೆರೆಯಿತು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂದ ಅಳು ಗೋಡೆಗೆ ಬಡಿದು, ಹೆಂಚಿಗೆ ಬಡಿದು, ಬೀದಿಗೆ ಹೋಯಿತು. ಹಸಿವಿನ ಅಳು, ಸಿಟ್ಟಿನ ಅಳು. ಎದುರು ಮನೆಯ ಜಗುಲಿಯಲ್ಲಿ ಕೂತಿದ್ದವರು ಎದ್ದು ನಿಂತು ಈ ಕಡೆ ನೋಡಿದರು.

ನಾನು ಬಟ್ಟೆ ಬಿಟ್ಟು ಎತ್ತಿಕೊಳ್ಳಲು ಹೋದೆ. ಅತ್ತೆ ನನ್ನ ಸೆರಗು ಹಿಡಿದರು.

"ತಡಿ ಮಗ," ಎಂದರು. "ಒಸಿ ಅಳ್ಲಿ."

ಮಹೇಶ ಒದ್ದೆಗಾಲಿನಲ್ಲೇ ಒಳಗೆ ಬಂದು ನಿಂತರು. ನಾವು ಮೂವರೂ ಚಾಪೆಯ ಸುತ್ತ ನಿಂತು, ಅವಳು ಅಳುವುದನ್ನು ಕೇಳಿದೆವು.